ಆಧಾರ್ ಚೌಕದ ಹಿಂದಿನ ಅವಿಭಾಜ್ಯಗಳು

ಮದ್ದೂರು ತಾಲ್ಲೂಕಿನ ಆತಗೂರು ಹೋಬಳಿಯ ರೈತರೊಬ್ಬರು ಯಾವುದೋ ಕೆಲಸಕ್ಕೆ ಆಧಾರ್ ತೋರಿಸಿದರು ಅನ್ನಿ. ಎದುರಿನವರು ಅದರಲ್ಲಿರುವ ಕ್ಯೂಆರ್ ಚೌಕವನ್ನು ಆಧಾರ್ ಪ್ರಾಧಿಕಾರದ ಆ್ಯಪ್‌ನಲ್ಲಿ ಸ್ಕ್ಯಾನ್ ಮಾಡುತ್ತಾರೆ. ನೆಟ್‌ವರ್ಕ್ ಇಲ್ಲದಿದ್ದರೂ ಅದು ಅಸಲಿಯೋ ನಕಲಿಯೋ ಗೊತ್ತಾಗುತ್ತದೆ. ದೆಹಲಿಯನ್ನು ಕೇಳದೆ ಹೇಗೆ?

ಆ ಚೌಕದಲ್ಲಿ ಹೆಸರು, ವಿಳಾಸ, ಫೋಟೊ ಎಲ್ಲ ಮುಗಿದ ಮೇಲೆ ಕೊನೆಯ 256 ಬೈಟ್‌ಗಳಲ್ಲಿ ಒಂದು ಡಿಜಿಟಲ್ ಸಹಿ ಇರುತ್ತದೆ. 1977ರಲ್ಲಿ ರಿವೆಸ್ಟ್, ಶಮೀರ್, ಏಡಲ್‌ಮನ್ ಎಂಬ ಮೂವರು ಕಂಡುಹಿಡಿದ ಆರ್‌ಎಸ್‌ಎ ವಿಧಾನ ಇದು. ತಲಾ 309 ಅಂಕಿಗಳ ಎರಡು ಅವಿಭಾಜ್ಯ ಸಂಖ್ಯೆಗಳನ್ನು ಗುಣಿಸಿ 617 ಅಂಕಿಗಳ ಒಂದು ಗುಣಲಬ್ಧ ಮಾಡಿಕೊಳ್ಳುತ್ತಾರೆ. ಗುಣಲಬ್ಧ ಬಹಿರಂಗ, ಅವಿಭಾಜ್ಯಗಳೆರಡೂ ಗುಟ್ಟು. ಚೌಕದ ಮಾಹಿತಿಯನ್ನು ಒಂದು ಸಂಖ್ಯೆಗೆ ಇಳಿಸಿ, ಅದನ್ನು ಆ ಅವಿಭಾಜ್ಯಗಳಿಂದ ಪಡೆದ ಒಂದು ಗುಟ್ಟಿನ ಘಾತಕ್ಕೇರಿಸಿ, ಗುಣಲಬ್ಧದಿಂದ ಭಾಗಿಸಿದಾಗ ಉಳಿಯುವ ಶೇಷವೇ ಸಹಿ. ಪರೀಕ್ಷಿಸುವವರು ಆ ಸಹಿಯನ್ನು ಬಹಿರಂಗ ಘಾತಕ್ಕೇರಿಸಿ (ಸಾಮಾನ್ಯವಾಗಿ 65537, ಅದೂ ಅವಿಭಾಜ್ಯವೇ) ಮತ್ತೆ ಭಾಗಿಸಿದರೆ ಮೊದಲಿನ ಸಂಖ್ಯೆ ಮರಳಿ ಬರಬೇಕು. ವಿಳಾಸದಲ್ಲಿ ಒಂದು ಅಕ್ಷರ ತಿದ್ದಿದ್ದರೂ ತಾಳೆಯಾಗದು.

ಗುಣಲಬ್ಧವನ್ನು ಒಡೆದವರಿಗೆ ಗುಟ್ಟಿನ ಘಾತವೂ ಸಿಕ್ಕಿಬಿಡುತ್ತದೆ. ಒಡೆಯುವುದೇನು ಮಹಾ ಅನ್ನುವವರು 8633ನ್ನು ತೆಗೆದುಕೊಳ್ಳಿ. 2, 3, 5, 7 ಎಂದು ಅವಿಭಾಜ್ಯಗಳಿಂದ ಭಾಗಿಸುತ್ತ ಹೋದರೆ 24ನೇ ಸಲಕ್ಕೆ 89 ಸಿಗುತ್ತದೆ, ಇನ್ನೊಂದು 97. ಇದು ನಾಲ್ಕೇ ಅಂಕಿಯ ಕಥೆ. 250 ಅಂಕಿಗಳ ಒಂದು ಸವಾಲು ಸಂಖ್ಯೆಯನ್ನು 2020ರಲ್ಲಿ ಒಡೆದಾಗ, ಕಂಪ್ಯೂಟರಿನ ಒಂದೇ ಕೋರ್ ದುಡಿದಿದ್ದರೆ ಸುಮಾರು 2700 ವರ್ಷ ಹಿಡಿಯುವಷ್ಟು ಕೆಲಸವಾಗಿತ್ತು. ಅದೂ ಭಾಗಿಸುತ್ತ ಹೋಗುವುದಕ್ಕಿಂತ ಎಷ್ಟೋ ಜಾಣತನದ ವಿಧಾನದಲ್ಲಿ.

ಹಾಗಾದರೆ 309 ಅಂಕಿಯ ಸಂಖ್ಯೆ ಅವಿಭಾಜ್ಯವೆಂದು ತಿಳಿಯುವುದು ಹೇಗೆ? ನನಗೆ ಇಡೀ ವಿಷಯದಲ್ಲಿ ಬೆರಗು ಹುಟ್ಟಿಸುವುದು ಇದೇ. ಭಾಗಿಸಿ ನೋಡುವುದೇ ಬೇಡ. 17ನೇ ಶತಮಾನದ ಫರ್ಮಾ ಹೇಳಿಟ್ಟ ಒಂದು ಗುಣ ಸಾಕು: ಅವಿಭಾಜ್ಯ 7 ಆದರೆ, 3ನ್ನು 6ನೇ ಘಾತಕ್ಕೇರಿಸಿ 7ರಿಂದ ಭಾಗಿಸಿದಾಗ ಶೇಷ 1. ನೋಡಿ, 729ರಲ್ಲಿ 7ರ 104 ಪಾಲು ಹೋಗಿ 1 ಉಳಿಯಿತು. 9ಕ್ಕೆ ಹೀಗೆ ಮಾಡಿ: 2ರ 8ನೇ ಘಾತ 256, ಶೇಷ 4. ಅಂದರೆ 9 ಅವಿಭಾಜ್ಯವಲ್ಲ. ಯಾವುದರಿಂದ ಭಾಗವಾಗುತ್ತದೆ ಎಂದು ಮಾತ್ರ ಈ ಪರೀಕ್ಷೆ ಬಾಯಿ ಬಿಡುವುದಿಲ್ಲ. ಸಹಿಯ ಭದ್ರತೆ ನಿಂತಿರುವುದು ಈ ಮೌನದ ಮೇಲೆ.

561ರಂಥ ಕಪಟಿಗಳು (3×11×17) ಈ ಪರೀಕ್ಷೆಯನ್ನು ದಾಟಿಬಿಡುತ್ತವೆ. ಅದಕ್ಕೇ ಕಂಪ್ಯೂಟರುಗಳು ಇನ್ನೂ ಬಿಗಿಯಾದ ಮಿಲ್ಲರ್-ರಾಬಿನ್ ಪರೀಕ್ಷೆಯನ್ನು ಬಳಸುತ್ತವೆ. ಅನುಮಾನಕ್ಕೆ ಎಡೆಯಿಲ್ಲದ, ವೇಗವೂ ಇರುವ ಪರೀಕ್ಷೆಯನ್ನು 2002ರಲ್ಲಿ ಕೊಟ್ಟವರು ಕಾನ್ಪುರ ಐಐಟಿಯ ಮಣೀಂದ್ರ ಅಗರವಾಲ್, ನೀರಜ್ ಕಯಾಲ್, ನಿತಿನ್ ಸಕ್ಸೇನಾ. ಆದರೆ ದಿನನಿತ್ಯದ ಬಳಕೆಗೆ ಮಿಲ್ಲರ್-ರಾಬಿನ್ನೇ ಚುರುಕು. 309 ಅಂಕಿಯ ಬೆಸ ಸಂಖ್ಯೆಗಳಲ್ಲಿ ಸರಾಸರಿ 355ಕ್ಕೊಂದು ಅವಿಭಾಜ್ಯ, ಹಾಗಾಗಿ ಹುಡುಕಾಟ ಬೇಗ ಮುಗಿಯುತ್ತದೆ. 2024ರಲ್ಲಿ ಸಿಕ್ಕ 4,10,24,320 ಅಂಕಿಗಳ ದಾಖಲೆಯ ಅವಿಭಾಜ್ಯ ಇಲ್ಲಿ ಕೆಲಸಕ್ಕೆ ಬಾರದು. ಊರಿಗೆಲ್ಲ ಗೊತ್ತಿರುವ ಬೀಗದ ಕೈ ಅದು.

ಸಹಿ ತಾಳೆಯಾದರೆ ಚೌಕದೊಳಗಿನ ಮಾಹಿತಿ ತಿದ್ದಿದ್ದಲ್ಲ ಎಂದಷ್ಟೇ ಅರ್ಥ. ಆ್ಯಪ್ ತೋರಿಸುವ ಫೋಟೊವೂ ಎದುರಿಗೆ ನಿಂತವರ ಮುಖವೂ ಒಂದೇನಾ ಎಂದು ಕಣ್ಣಿಂದಲೇ ನೋಡಿಕೊಳ್ಳಬೇಕು.