ಎಳೆಯ ಸೂರ್ಯನ ಸಿಡುಕು ಕಲ್ಲಿನಲ್ಲಿ ಉಳಿದಿದೆ

1969ರ ಫೆಬ್ರವರಿ 8ರ ನಡುರಾತ್ರಿ ಕಳೆದು ಒಂದು ಗಂಟೆಯ ಹೊತ್ತಿಗೆ ಮೆಕ್ಸಿಕೊದ ಅಯೆಂಡೆ ಎಂಬ ಹಳ್ಳಿಯ ಸುತ್ತ ಆಕಾಶದಿಂದ ಕಲ್ಲು ಸುರಿಯಿತು. ಹೆಕ್ಕಿದ್ದೇ ಎರಡು ಟನ್ನಿಗೂ ಹೆಚ್ಚು. ಕೊಯ್ದು ನೋಡಿದರೆ ಬೂದುಗಪ್ಪು ಮೈಯಲ್ಲಿ ಅಲ್ಲಲ್ಲಿ ಬಿಳಿ ಮಚ್ಚೆಗಳು. ಸಣ್ಣವು ಸಾಸಿವೆಯಷ್ಟು, ದೊಡ್ಡವು ಗೋಲಿಯಷ್ಟು. ಕ್ಯಾಲ್ಸಿಯಂ, ಅಲ್ಯೂಮಿನಿಯಂ ತುಂಬಿದ ಈ ಮಚ್ಚೆಗಳ ವಯಸ್ಸು ಸುಮಾರು 456.7 ಕೋಟಿ ವರ್ಷ. ಸೌರಮಂಡಲದಲ್ಲಿ ಗಟ್ಟಿಯಾದ ಮೊದಲ ವಸ್ತುಗಳಿವು. ಆಗಿನ್ನೂ ಭೂಮಿ ಇರಲಿಲ್ಲ.

2000ರಲ್ಲಿ ಕೆವಿನ್ ಮೆಕೀಗನ್ ಮತ್ತು ಸಂಗಡಿಗರು ಇಂಥದೊಂದು ಮಚ್ಚೆಯಲ್ಲಿ ಬೆರಿಲಿಯಂ-10ರ ಸುಳಿವು ಹಿಡಿದರು. ಇದರ ಅರ್ಧಾಯು ಸುಮಾರು 14 ಲಕ್ಷ ವರ್ಷ, ಎಂದರೆ ಅಂದಿನದ್ದೆಲ್ಲ ಎಂದೋ ಖಾಲಿ. ಖಾಲಿಯಾದದ್ದನ್ನು ಹಿಡಿಯುವುದು ಹೇಗೆ? ಅದು ಕ್ಷಯಿಸಿ ಬೋರಾನ್-10 ಆಗುತ್ತದೆ. ನುಣುಪಾಗಿ ಉಜ್ಜಿದ ಕಲ್ಲಿನ ಹಲ್ಲೆಯ ಮೇಲೆ ಆಮ್ಲಜನಕದ ಅಯಾನುಗಳ ಸೂಕ್ಷ್ಮ ಧಾರೆ ಹಾಯಿಸಿದರೆ ಕೂದಲಿನ ದಪ್ಪದಷ್ಟೇ ಗುಳಿ ಬೀಳುತ್ತದೆ. ಅಲ್ಲಿಂದ ಚಿಮ್ಮಿದ ಪರಮಾಣುಗಳನ್ನು ತೂಕದ ಪ್ರಕಾರ ಬೇರ್ಪಡಿಸಿ ಒಂದೊಂದಾಗಿ ಎಣಿಸುತ್ತಾರೆ. ಸಾಮಾನ್ಯವಾಗಿ ನಾಲ್ಕು ಬೋರಾನ್-11ಕ್ಕೆ ಒಂದು ಬೋರಾನ್-10 ಇರಬೇಕು. ಈ ಮಚ್ಚೆಯಲ್ಲಿ ಬೆರಿಲಿಯಂ ಹೆಚ್ಚಿದ್ದ ಕಡೆಯೆಲ್ಲ, ಅದೇ ಲೆಕ್ಕದಲ್ಲಿ ಬೋರಾನ್-10 ಕೂಡ ಹೆಚ್ಚಿತ್ತು. ಹೆಚ್ಚುವರಿ ಬೋರಾನ್ ಹೊರಗಿಂದ ಬಂದು ಸೇರಿಕೊಂಡಿದ್ದರೆ ಇಂಥ ಹೊಂದಾಣಿಕೆ ಕಾಣುತ್ತಿರಲಿಲ್ಲ. ಕಲ್ಲು ಗಟ್ಟಿಯಾದಾಗ ಬೆರಿಲಿಯಂ-10 ಅಲ್ಲೇ ಇತ್ತು.

ಇದಕ್ಕಿಷ್ಟು ಮಹತ್ವ ಏಕೆಂದರೆ, ನಕ್ಷತ್ರಗಳು ಬೆರಿಲಿಯಂ ತಯಾರಿಸುವುದಿಲ್ಲ. ಒಡಲ ಬಿಸಿಯಲ್ಲಿ ಇದ್ದದ್ದನ್ನೂ ಸುಟ್ಟುಬಿಡುತ್ತವೆ. ವೇಗದ ಪ್ರೋಟಾನ್ ಅಥವಾ ಹೀಲಿಯಂ ಪರಮಾಣುವಿನ ಬೀಜ ಬಂದು ಆಮ್ಲಜನಕದಂಥ ಭಾರದ ಬೀಜವನ್ನು ಒಡೆದಾಗ, ಆ ಚೂರುಗಳಲ್ಲಿ ಬೆರಿಲಿಯಂ ಹುಟ್ಟುತ್ತದೆ. ಹಾಗಾದರೆ ಅಂಥ ಗುಂಡು ಹಾರಿಸಿದವರು ಯಾರು?

ಸಂಶಯ ಸಹಜವಾಗಿ ಎಳೆಯ ಸೂರ್ಯನ ಮೇಲೆ ಹೋಗುತ್ತದೆ. 2003ರಲ್ಲಿ ಚಂದ್ರ ಎಕ್ಸ್-ರೇ ದೂರದರ್ಶಕ (ನಮ್ಮ ಸುಬ್ರಹ್ಮಣ್ಯನ್ ಚಂದ್ರಶೇಖರ್ ಅವರ ಹೆಸರಿನದು) ಒರಾಯನ್ ನೀಹಾರಿಕೆಯತ್ತ ಸುಮಾರು 13 ದಿನ ಕಣ್ಣು ನೆಟ್ಟಿತ್ತು. ಅಲ್ಲಿನ ಸೂರ್ಯನಂಥ ಎಳೆಯ ನಕ್ಷತ್ರಗಳು ವಾರಕ್ಕೊಮ್ಮೆ ಎಂಬಂತೆ ಸಿಡಿಯುತ್ತಿದ್ದವು, ಅದೂ ಇಂದಿನ ಸೂರ್ಯ ಕನಸಿನಲ್ಲೂ ಕಾಣದಷ್ಟು ಜೋರಾಗಿ. ನಮ್ಮ ಸೂರ್ಯನೂ ಎಳವೆಯಲ್ಲಿ ಹೀಗೇ ಇದ್ದಿರಬೇಕು.

ಆದರೆ ಎಲ್ಲ ವಿಕಿರಣಶೀಲ ಐಸೊಟೋಪುಗಳನ್ನೂ ಅವನ ಲೆಕ್ಕಕ್ಕೆ ಬರೆಯುವಂತಿಲ್ಲ. ಅಹಮದಾಬಾದಿನ ಭೌತ ಸಂಶೋಧನಾ ಪ್ರಯೋಗಾಲಯದ (ಪಿಆರ್‌ಎಲ್) ಕುಲಜೀತ್ ಕೌರ್ ಮರ್ಹಾಸ್ ಮತ್ತು ಜೆ.ಎನ್. ಗೋಸ್ವಾಮಿ, ಆಂಡ್ರ್ಯೂ ಡೇವಿಸ್ ಜತೆ ಸೇರಿ ಆಸ್ಟ್ರೇಲಿಯದ ಮರ್ಚಿಸನ್ ಉಲ್ಕಾಶಿಲೆಯಲ್ಲಿನ ಹಿಬೊನೈಟ್ ಎಂಬ ಖನಿಜದ ಕಣಗಳನ್ನು ಜಾಲಾಡಿದರು. 2002ರಲ್ಲಿ ಪ್ರಕಟವಾದ ಫಲಿತಾಂಶ ಸೊಗಸಾಗಿತ್ತು: ಬೆರಿಲಿಯಂ-10 ಇದ್ದ ಕಣಗಳಲ್ಲಿ ಅಲ್ಯೂಮಿನಿಯಂ-26 ಇಲ್ಲ, ಕ್ಯಾಲ್ಸಿಯಂ-41 ಕೂಡ ಇಲ್ಲ. ಮೂರೂ ಒಂದೇ ಕಡೆಯವಾಗಿದ್ದರೆ ಜೊತೆಯಲ್ಲೇ ಇರಬೇಕಿತ್ತು. ಅಲ್ಯೂಮಿನಿಯಂ-26 ಬೇರೆ ನಕ್ಷತ್ರದಿಂದ ಬಂದದ್ದು, ಬೆರಿಲಿಯಂ-10 ಹುಟ್ಟಿದ ಬಗೆಯೇ ಬೇರೆ ಎಂಬ ಮಾತಿಗೆ ಇದರಿಂದ ಬಲ ಬಂತು. 2018ರಲ್ಲಿ ಷಿಕಾಗೊ ತಂಡವೊಂದು ಅದೇ ಮರ್ಚಿಸನ್‌ನ ಹಿಬೊನೈಟ್‌ನಲ್ಲಿ, ವೇಗದ ಪ್ರೋಟಾನ್‌ನಂಥ ಕಣಗಳ ಹೊಡೆತದಿಂದಲೇ ಹುಟ್ಟಿದ ಹೀಲಿಯಂ, ನಿಯಾನ್ ಅನಿಲಗಳನ್ನೂ ಕಂಡಿತು.

ಎಳೆಯ ಸೂರ್ಯನೇ ಕಾರಣ ಎಂಬುದನ್ನು ಒಪ್ಪದವರೂ ಇದ್ದಾರೆ. ಬೆರಿಲಿಯಂ-10 ಸೂರ್ಯ ಹುಟ್ಟುವ ಮೊದಲೇ, ಮೂಲದ ಅನಿಲಮೋಡದಲ್ಲಿ ವಿಶ್ವಕಿರಣಗಳಿಂದ ಆಗಿರಬಹುದು ಎನ್ನುವುದು ಅವರ ವಾದ. ಹಲವು ಮಚ್ಚೆಗಳಲ್ಲಿ ಅದರ ಪ್ರಮಾಣ ಹೆಚ್ಚುಕಡಿಮೆ ಒಂದೇ ಇರುವುದು ಈ ವಾದಕ್ಕೆ ಅನುಕೂಲ. ತಳ್ಳಿಹಾಕುವ ಮಾತಲ್ಲ.

ಹಾಗಾಗಿ ಈಗ ಗಮನವೆಲ್ಲ ಬೆರಿಲಿಯಂ-7ರ ಮೇಲೆ. ಅದರ ಅರ್ಧಾಯು ಬರೀ 53 ದಿನ. ಯಾವ ಮೋಡದಿಂದಲೂ, ಯಾವ ನಕ್ಷತ್ರದಿಂದಲೂ ಅಷ್ಟರೊಳಗೆ ಬಂದು ಕಲ್ಲಿನಲ್ಲಿ ಸೇರಲಾಗದು. ಇದ್ದರೆ ಅಲ್ಲೇ, ಸೂರ್ಯನ ಬುಡದಲ್ಲೇ ಹುಟ್ಟಿರಬೇಕು. 2019ರಲ್ಲಿ ರಿತೇಶ್ ಕುಮಾರ್ ಮಿಶ್ರಾ ಮತ್ತು ಮರ್ಹಾಸ್, ಕಜಾಕಸ್ತಾನದ ಎಫ್ರೆಮೊವ್ಕಾ ಉಲ್ಕಾಶಿಲೆಯ ಮಚ್ಚೆಯೊಂದರಲ್ಲಿ ಅದು ಕ್ಷಯಿಸಿ ಉಳಿದ ಗುರುತಾದ ಹೆಚ್ಚುವರಿ ಲಿಥಿಯಂ-7 ಕಂಡಿದ್ದಾಗಿ, ಎಳೆಯ ಸೂರ್ಯನ ಮಹಾಸಿಡಿತವೊಂದೇ ಅದಕ್ಕೆ ಕಾರಣವೆಂದು ವರದಿ ಮಾಡಿದರು. ತೊಡಕೆಂದರೆ ಲಿಥಿಯಂ ಹರಳಿನೊಳಗೆ ನಿಂತಲ್ಲಿ ನಿಲ್ಲುವುದಿಲ್ಲ, ಕಲ್ಲು ಮತ್ತೆ ಬಿಸಿಯಾದರೆ ಜಾಗ ಬದಲಿಸುತ್ತದೆ. ಬೇರೆ ಬೇರೆ ಪ್ರಯೋಗಾಲಯಗಳು, ಬೇರೆ ಬೇರೆ ಕಲ್ಲುಗಳಲ್ಲಿ ಇದೇ ಗುರುತು ಕಾಣುವವರೆಗೆ ಸೂರ್ಯನ ಮೇಲಿನ ಆರೋಪ ಬಲವಾದದ್ದು, ಆದರೆ ಸಾಬೀತಾದದ್ದಲ್ಲ.