ನೀರೂ ಶಾಖವೂ

ಬಚ್ಚಲೊಲೆಯ ಮೇಲೆ ಬರಿಯ ತಾಮ್ರದ ಹಂಡೆಯನ್ನಿಟ್ಟರೆ ಅದು ಬಹು ಬೇಗನೆ ಮುಟ್ಟಲಾಗದಷ್ಟು ಕಾಯುವುದು. ಅದರಲ್ಲಿ ನೀರು ತುಂಬಿದ್ದರೆ ಸೌದೆ ಎಷ್ಟು ಉರಿದರೂ ನೀರು ಬೆಚ್ಚಗಾಗಲು ಬಹಳ ಹೊತ್ತು ಹಿಡಿಯುವುದು. ಹಾಗಾದರೆ ಒಲೆಯ ಶಾಖವೆಲ್ಲ ಎಲ್ಲಿ ಹೋಯಿತು?

ಶಾಖವೂ ಉಷ್ಣತೆಯೂ ಒಂದೇ ಎಂದು ಭಾವಿಸುವುದರಿಂದ ಈ ಸಂಶಯವು ಹುಟ್ಟುತ್ತದೆ. ಉಷ್ಣಮಾಪಕವು ತೋರಿಸುವುದು ಉಷ್ಣತೆಯನ್ನೇ ಹೊರತು ವಸ್ತುವು ಹೀರಿಕೊಂಡ ಶಾಖದ ಮೊತ್ತವನ್ನಲ್ಲ. ಈ ಭೇದವನ್ನು ಸ್ಕಾಟ್ಲೆಂಡಿನ ಜೋಸೆಫ್ ಬ್ಲ್ಯಾಕ್ ಎಂಬ ವಿದ್ವಾಂಸರು 1760ರ ಸುಮಾರಿನಲ್ಲಿ ಸ್ಪಷ್ಟಪಡಿಸಿದರು. ಒಂದು ಗ್ರಾಂ ನೀರಿನ ಉಷ್ಣತೆಯನ್ನು ಒಂದು ಸೆಂಟಿಗ್ರೇಡ್ ಡಿಗ್ರಿಯಷ್ಟು ಏರಿಸಲು ಒಂದು ಕ್ಯಾಲರಿ ಶಾಖವು ಬೇಕು. ಅಷ್ಟೇ ತೂಕದ ಅಡಿಗೆಯೆಣ್ಣೆಗೆ ಸುಮಾರು 0.5, ಒಣ ಮರಳಿಗೆ 0.2, ಕಬ್ಬಿಣಕ್ಕೆ 0.11, ತಾಮ್ರಕ್ಕೆ 0.09 ಕ್ಯಾಲರಿ ಸಾಕು. ಈ ಪ್ರಮಾಣಕ್ಕೆ ವಿಶಿಷ್ಟೋಷ್ಣವೆಂದು ಹೆಸರು. ನಾವು ನಿತ್ಯವೂ ಬಳಸುವ ಪದಾರ್ಥಗಳಲ್ಲಿ ನೀರಿನ ವಿಶಿಷ್ಟೋಷ್ಣವೇ ಹೆಚ್ಚಿನದು. ಆದುದರಿಂದ ನೀರು ನಿಧಾನವಾಗಿ ಕಾಯುತ್ತದೆ; ನಿಧಾನವಾಗಿಯೇ ಆರುತ್ತದೆ.

ಈ ಗುಣದಿಂದ ನಮಗೆ ಆಗುವ ಉಪಕಾರಗಳು ಅನೇಕ. ನೋವಿಗೆ ಶಾಖ ಕೊಡುವ ರಬ್ಬರಿನ ಚೀಲದಲ್ಲಿ ಬಿಸಿನೀರನ್ನು ತುಂಬುವುದೂ, ಮೋಟಾರು ಯಂತ್ರದ ಬಿಸಿಯನ್ನು ನೀರು ಸೇರಿದ ದ್ರವದಿಂದ ಹೊರಸಾಗಿಸುವುದೂ ಇದರಿಂದಲೇ. ಮಂಗಳೂರಿನ ತೀರದಲ್ಲಿ ಹಗಲು ನೆಲವು ಬೇಗ ಕಾಯುತ್ತದೆ. ಕಡಲು ಹಾಗೆ ಕಾಯದು. ಅದರ ನೀರು ಕಲಕುತ್ತಿರುವುದರಿಂದ ಶಾಖವು ಆಳಕ್ಕೂ ಹಂಚಿಹೋಗುವುದು. ನೆಲದ ಮೇಲಣ ಬಿಸಿಗಾಳಿಯು ಮೇಲೇರಲು, ಕಡಲ ತಂಗಾಳಿಯು ಒಳಕ್ಕೆ ಬೀಸುವುದು.

ಆದರೆ ಈ ಉಪಕಾರಕ್ಕೆ ಬೆಲೆಯುಂಟು. 15 ಲೀಟರು ನೀರನ್ನು 20 ಡಿಗ್ರಿಯಿಂದ 40 ಡಿಗ್ರಿಗೆ ಏರಿಸಲು ಮೂರು ಲಕ್ಷ ಕ್ಯಾಲರಿ, ಎಂದರೆ ಸುಮಾರು 0.35 ಯೂನಿಟ್ ವಿದ್ಯುತ್ತು ಬೇಕು. ಸೌದೆಯೊಲೆಯಲ್ಲಾದರೋ ಶಾಖದ ಬಹುಭಾಗವು ಹೊಗೆಯೊಡನೆ ಹೊರಟುಹೋಗುವುದರಿಂದ ವೆಚ್ಚವು ಇನ್ನೂ ಹೆಚ್ಚು. ಬೇಕಾದಷ್ಟೇ ನೀರನ್ನು ಕಾಯಿಸುವುದು ಜಾಣತನ.

ಇದಕ್ಕಿಂತಲೂ ಗುರುತರವಾದ ವಿಷಯವೊಂದಿದೆ. ಸುರುಸುರುಬತ್ತಿಯ ಕಿಡಿಯ ಉಷ್ಣತೆಯು ಸಾವಿರ ಡಿಗ್ರಿಯನ್ನು ಮೀರಿದರೂ ಅದರ ತೂಕವು ಅತ್ಯಲ್ಪವಾದ್ದರಿಂದ ಅದರಲ್ಲಿರುವ ಶಾಖವೂ ಅಲ್ಪ. ಒಂದು ಲೋಟ ಬಿಸಿ ಕಾಫಿಯ ಉಷ್ಣತೆಯು ನೂರು ಡಿಗ್ರಿಗಿಂತ ಕಡಮೆ. ಆದರೆ ಅದರಲ್ಲಿ ಅಡಗಿರುವ ಶಾಖವು ಅಪಾರ. ಅದು ಮಗುವಿನ ಮೈಮೇಲೆ ಚೆಲ್ಲಿದರೆ ಘೋರವಾದ ಗಾಯವಾಗುವುದು. ಬಿಸಿ ಪಾತ್ರೆಗಳನ್ನು ಮಕ್ಕಳ ಕೈಗೆ ಎಟುಕುವಂತೆ ಎಂದಿಗೂ ಇಡಬಾರದು.

ಗಾಯಮಾಡಿದ ಆ ಗುಣವೇ ಪರಿಹಾರಕ್ಕೂ ಒದಗುತ್ತದೆ. ತಣ್ಣೀರು ತಾನು ಹೆಚ್ಚು ಕಾಯದೆಯೇ ಬಹಳ ಶಾಖವನ್ನು ಸೆಳೆದುಕೊಳ್ಳಬಲ್ಲದು. ಸುಟ್ಟ ಭಾಗವನ್ನು ಕೂಡಲೇ ಹರಿಯುವ ತಣ್ಣೀರಿನ ಕೆಳಗೆ 20 ನಿಮಿಷ ಹಿಡಿಯಬೇಕು. ಮಂಜುಗಡ್ಡೆಯನ್ನು ಒತ್ತುವುದೂ, ಬೆಣ್ಣೆಯನ್ನಾಗಲಿ ಶಾಯಿಯನ್ನಾಗಲಿ ಬಳಿಯುವುದೂ ತಪ್ಪು. ಗಾಯವು ದೊಡ್ಡದಾಗಿದ್ದರೆ ಅಥವಾ ಸುಟ್ಟುಕೊಂಡದ್ದು ಮಗುವಾದರೆ ಅನಂತರ ವೈದ್ಯರ ಬಳಿಗೆ ಕರೆದೊಯ್ಯುವುದರಲ್ಲಿ ತಡಮಾಡಲಾಗದು.