ಕೇಪಿನ ಕೋವಿಗೆ ತೆಂಗಿನಕಾಯಿಯ ಲೆಕ್ಕ

ಬೆಳ್ತಂಗಡಿ ಕಡೆಯ ನನ್ನ ಅಜ್ಜನ ಮನೆಯಲ್ಲಿ ಕೋವಿಗೂ ಸ್ನಾನವಿತ್ತು. ರಾತ್ರಿ ತೋಟದಲ್ಲಿ ಒಂದು ಈಡು ಹಾರಿತೆಂದರೆ ಮರುದಿನ ಬೆಳಿಗ್ಗೆ ಅಜ್ಜ ಬಚ್ಚಲಿನ ಹಂಡೆಯಿಂದ ಕುದಿಯುವ ನೀರು ಮೊಗೆದು ನಳಿಗೆಯ ಬಾಯಿಗೆ ಹೊಯ್ಯುತ್ತಿದ್ದರು. ಹಿಂಬದಿಯ ಸಣ್ಣ ತೂತಿನಿಂದ ಕಪ್ಪು ನೀರು ಇಳಿಯುತ್ತಿತ್ತು, ಅದಕ್ಕೆ ಕೊಳೆತ ಮೊಟ್ಟೆಯ ನಾತ. ನೀರು ತಿಳಿಯಾಗುವವರೆಗೆ ಹೊಯ್ದು, ಗಜದ ಕಡ್ಡಿಗೆ ಹಳೆ ಬೈರಾಸಿನ ಚೂರು ಸುತ್ತಿ ಒರೆಸಿ, ಕೊನೆಗೆ ತೆಂಗಿನೆಣ್ಣೆ ಸವರಿದ ಮೇಲೆಯೇ ಅವರಿಗೆ ಕಾಫಿ. "ನನಗಿಲ್ಲದ ಬಿಸಿನೀರು ಆ ಕೋವಿಗೆ ಉಂಟು ಮಾರಾಯ" ಎಂದು ಅಜ್ಜಿ ಗೊಣಗುವುದೂ ಆ ವಿಧಿಯ ಒಂದು ಭಾಗವೇ ಆಗಿತ್ತು.

ಅದು ಮಡಿಯಲ್ಲ, ರಸಾಯನಶಾಸ್ತ್ರ. ಕರಿ ಮದ್ದು ಪೂರ್ತಿ ಹೊಗೆಯಾಗಿ ಹೋಗುವ ಸರಕಲ್ಲ. ಉರಿದ ಮೇಲೆ ಅದರ ತೂಕದ ಅರ್ಧಕ್ಕಿಂತ ಹೆಚ್ಚು ಪಾಲು ಘನರೂಪದಲ್ಲೇ ಉಳಿಯುತ್ತದೆ. ಸ್ವಲ್ಪ ಬಿಳಿ ಹೊಗೆಯಾಗಿ ಕಣ್ಣಿಗೆ ಕಾಣಿಸುತ್ತದೆ, ಮಿಕ್ಕದ್ದು ನಳಿಗೆಯ ಒಳಗೋಡೆಗೆ ಮಸಿಯಂತೆ ಮೆತ್ತಿಕೊಳ್ಳುತ್ತದೆ. ಈ ಮಸಿ ಪೊಟ್ಯಾಸಿಯಂ ಲವಣಗಳದ್ದು. ಗಾಳಿಯ ತೇವವನ್ನು ಹೀರಿಕೊಂಡು ಕೂರುತ್ತದೆ. ಘಟ್ಟದ ಬುಡದ ಆಟಿ ತಿಂಗಳ ಗಾಳಿಯಲ್ಲಿ ತೇವಕ್ಕೇನು ಬರ? ಎರಡು ದಿನ ಬಿಟ್ಟರೆ ಕಬ್ಬಿಣ ತುಕ್ಕು ಹಿಡಿಯುತ್ತದೆ. ಲವಣ ಎಣ್ಣೆಯಲ್ಲಿ ಕರಗದು, ನೀರಿನಲ್ಲಿ ಕರಗುತ್ತದೆ. ಆದ್ದರಿಂದ ಮೊದಲು ಬಿಸಿನೀರು, ಆಮೇಲೆ ಎಣ್ಣೆ.

ಕೇಪಿನ ಕೋವಿ ಎಂಬ ಹೆಸರಿಗೂ ಬಂಟ್ವಾಳ ತಾಲೂಕಿನ ಕೇಪು ಗ್ರಾಮಕ್ಕೂ ಸಂಬಂಧವಿಲ್ಲ. ಚಿಕ್ಕಂದಿನಲ್ಲಿ ಮಾತ್ರ ನಾನು ಅದು ಅಲ್ಲಿಯೇ ತಯಾರಾಗುವುದೆಂದು ನಂಬಿದ್ದೆ. ಕೇಪು ಎಂದರೆ ಕೋವಿಯ ಕುದುರೆಯ (ಸುತ್ತಿಗೆಯ) ಏಟು ಬೀಳುವ ಜಾಗಕ್ಕೆ ಹಾಕುವ ತಾಮ್ರದ ಪುಟ್ಟ ಟೊಪ್ಪಿ. ಇದರ ಮೂಲ ಹುಡುಕುತ್ತ ಹೋದರೆ ಸಿಗುವವನು ಸ್ಕಾಟ್‌ಲೆಂಡಿನ ಒಬ್ಬ ಪಾದ್ರಿ, ಅಲೆಗ್ಸಾಂಡರ್ ಫೋರ್ಸಿತ್. ಹಕ್ಕಿ ಬೇಟೆಯ ಹುಚ್ಚಿನ ಆ ಪುಣ್ಯಾತ್ಮನಿಗೆ ಚಕಮಕಿ ಕೋವಿಯ ಮೇಲೆ ಸಿಟ್ಟು. ಕಿಡಿ ಹಾರಿ, ಹೊರಗಿನ ಮದ್ದು ಭುಗಿಲೆಂದು, ಅದು ಒಳಗಿನ ಮದ್ದಿಗೆ ತಾಗುವಷ್ಟರಲ್ಲಿ ಹಕ್ಕಿ ಬೆಳಕು ನೋಡಿ ಹಾರಿಬಿಡುತ್ತಿತ್ತು. ಏಟು ಬಿದ್ದ ಕೂಡಲೆ ಸಿಡಿಯುವ ರಾಸಾಯನಿಕವನ್ನು ಬಳಸುವ ಉಪಾಯಕ್ಕೆ ಅವನು 1807ರಲ್ಲಿ ಪೇಟೆಂಟ್ ಪಡೆದ. ತಾಮ್ರದ ಟೊಪ್ಪಿ ಬಂದದ್ದು ಆ ಉಪಾಯದ ಮುಂದುವರಿಕೆಯಾಗಿ.

ಆ ಕಾಲದ ಯಂತ್ರ ನಮ್ಮ ತೋಟಗಳಲ್ಲಿ ಇನ್ನೂ ಉಳಿದಿರುವುದು ರೈತನ ಹಳೇ ಪ್ರೀತಿಯಿಂದಲ್ಲ, ಕಾನೂನಿನಿಂದ. 1959ರ ಶಸ್ತ್ರಾಸ್ತ್ರ ಕಾಯ್ದೆಯ 13ನೇ ಕಲಂ ಬೆಳೆ ರಕ್ಷಣೆಯ ಮಾತೆತ್ತುವಾಗ ಹೆಸರು ಹಿಡಿದು ಹೇಳುವುದು ಬಾಯಿಯಿಂದ ಮದ್ದು ತುಂಬುವ ಕೋವಿಯನ್ನೇ. ಅದು ಸಾಲದೆಂದು ಅಧಿಕಾರಿಗೆ ಮನವರಿಕೆಯಾದರೆ ಬೇರೆ ನಯ ನಳಿಗೆಯ ಕೋವಿ ಕೊಡಬಹುದು. ನಮ್ಮಲ್ಲಿ ಅದಕ್ಕೆ ತೋಟೆ ಕೋವಿ ಎನ್ನುತ್ತೇವೆ, ಒಂಟಿ ನಳಿಗೆಯದ್ದೋ ಜೋಡು ನಳಿಗೆಯದ್ದೋ. ಆ ಸಾಲಿನಲ್ಲಿ ರೈಫಲ್ಲಿನ ಹೆಸರೇ ಇಲ್ಲ. ಪಕ್ಕದ ಕೊಡಗಿನ ಕಥೆ ಬೇರೆ: 1861ರಲ್ಲಿ ಬ್ರಿಟಿಷ್ ಅಧಿಕಾರಿ ಮಾರ್ಕ್ ಕಬ್ಬನ್ ಕೊಟ್ಟ ಲೈಸೆನ್ಸಿನ ವಿನಾಯಿತಿ ಇವತ್ತಿಗೂ ನಡೆಯುತ್ತಿದೆ, ಈಗಿನ ಅಧಿಸೂಚನೆಯಂತೆ 2029ರವರೆಗೆ. ಘಟ್ಟದ ಈಚೆಗೆ ಇಳಿದರೆ ಲೈಸೆನ್ಸು ಬೇಕು.

ತೋಟೆ ಕೋವಿಯನ್ನು ಹನ್ನೆರಡು ಬೋರು ಎನ್ನುತ್ತಾರಲ್ಲ, ಈ ಹನ್ನೆರಡು ಇಂಚೂ ಅಲ್ಲ, ಮಿಲಿಮೀಟರೂ ಅಲ್ಲ. ಒಂದು ಪೌಂಡ್, ಅಂದರೆ 454 ಗ್ರಾಂ ಸೀಸವನ್ನು ಕರಗಿಸಿ ಒಂದೇ ಗಾತ್ರದ 12 ಗೋಲಿ ಮಾಡಿದರೆ ಆ ಗೋಲಿ ಸರಿಯಾಗಿ ಹೋಗುವ ನಳಿಗೆ ಹನ್ನೆರಡು ಬೋರಿನದ್ದು. ಗೋಲಿಯ ತೂಕ ಸುಮಾರು 38 ಗ್ರಾಂ, ಅಡ್ಡಗಲ 18.5 ಮಿ.ಮೀ. 16 ಗೋಲಿ ಮಾಡಿದರೆ ಗೋಲಿ ಸಣ್ಣದಾಗುತ್ತದೆ, ಹಾಗಾಗಿ ಹದಿನಾರು ಬೋರಿನ ನಳಿಗೆ ಹನ್ನೆರಡಕ್ಕಿಂತ ಸಪೂರ. ನೂಲಿನ ಕೌಂಟೂ ಇದೇ ಜಾತಿಯ ಲೆಕ್ಕ. ಸಂಖ್ಯೆ ಏರಿದ ಹಾಗೆ ಎಳೆ ತೆಳ್ಳಗಾಗುತ್ತದೆ. ರೈಫಲ್ಲಿಗೆ ಮಾತ್ರ ನೇರವಾಗಿ ಇಂಚಿನ ದಶಮಾಂಶ. .315 ಎಂದರೆ 8 ಮಿ.ಮೀ. ತೇಜಸ್ವಿಯವರ ಅನುವಾದಗಳಲ್ಲಿ ಓದಿ ಬೆಳೆದವರಿಗೆ ನೆನಪಿರಬಹುದು: ಕೆನೆತ್ ಆಂಡರ್ಸನ್ ಹಿಡಿದು ತಿರುಗಿದ್ದು .405 ವಿಂಚೆಸ್ಟರ್, ಜಿಮ್ ಕಾರ್ಬೆಟ್ 1926ರಲ್ಲಿ ರುದ್ರಪ್ರಯಾಗದ ಚಿರತೆಗೆ ಬಳಸಿದ್ದು .275 ರಿಗ್ಬಿ.

ಇಲ್ಲಿ ನನ್ನ ತಕರಾರು ಇಡುತ್ತೇನೆ. ಇಂಗ್ಲೆಂಡಿನಲ್ಲಿ ಜಿಂಕೆ ಹೊಡೆಯುವವನು ಯಾವ ಕೋವಿ ಹಿಡಿಯಬೇಕೆಂದು ಅಲ್ಲಿನ 1991ರ ಜಿಂಕೆ ಕಾಯ್ದೆ ಹೇಳುತ್ತದೆ: ರೈಫಲ್ಲಿನ ಬೋರು .240 ಇಂಚಿಗೆ ಕಡಿಮೆ ಇರಬಾರದು, ಗುಂಡು ನಳಿಗೆ ಬಿಡುವಾಗ ಅದರ ಶಕ್ತಿ 2,305 ಜೂಲ್‌ಗೆ ಕಡಿಮೆ ಇರಬಾರದು. ಬೆಳೆ ಉಳಿಸಿಕೊಳ್ಳಲು ರೈತ ಹನ್ನೆರಡು ಬೋರು ಹಿಡಿದರೆ ಒಂದೊಂದು ಚರೆಯೂ 5.16 ಮಿ.ಮೀ.ಗಿಂತ ಸಣ್ಣದಿರಕೂಡದು. ಅದೆಲ್ಲ ಪ್ರಾಣಿ ನರಳದೆ ಸಾಯಲಿ ಎಂಬ ಲೆಕ್ಕ. ನಮ್ಮಲ್ಲಿ ಬೋರಿನ ವಿಂಗಡಣೆ ನಿಷಿದ್ಧ, ಅನಿಷಿದ್ಧ ಎಂದು. .303 ಮತ್ತು 7.62 ನಿಷಿದ್ಧ, ಏಕೆಂದರೆ ಅವು ಸೈನ್ಯದವು. ಇಶಾಪುರದ ಕಾರ್ಖಾನೆಯ .315 ರೈಫಲ್ ಹುಟ್ಟಿದ್ದೇ ಸಿಪಾಯಿಯ ತೋಟೆ ನಾಗರಿಕನ ರೈಫಲ್ಲಿಗೆ ಹೊಂದಬಾರದು ಎಂಬ ಬ್ರಿಟಿಷರ ಎಚ್ಚರದಿಂದ. ಅಲ್ಲಿ ಬೋರು ಆರಿಸುವುದು ಪ್ರಾಣಿಯನ್ನು ನೋಡಿ, ಇಲ್ಲಿ ಮನುಷ್ಯನಿಗೆ ಹೆದರಿ. ನಮ್ಮ ಪಟ್ಟಿಯಲ್ಲಿ ಹಂದಿಯ ಚರ್ಮ ಎಷ್ಟು ದಪ್ಪ ಎಂದು ಯಾರೂ ಕೇಳಿಲ್ಲ.

ಕೇಳಿದ್ದರೆ ಲೆಕ್ಕ ಹೀಗೆ ಬರುತ್ತಿತ್ತು. ಜೂಲ್ ಎಂದರೆ ಕೈಗೆ ಸಿಗುವ ಪದಾರ್ಥವಲ್ಲ, ತೆಂಗಿನಕಾಯಿಯಲ್ಲಿ ಅಳೆಯೋಣ. ಸಿಪ್ಪೆ ಸಹಿತ 1.2 ಕಿಲೋದ ಕಾಯಿ 15 ಮೀಟರ್ ಎತ್ತರದ ಮರದಿಂದ ಬಿದ್ದರೆ ನೆಲಕ್ಕೆ ತಾಗುವಾಗ ಅದರ ಶಕ್ತಿ ಸುಮಾರು 176 ಜೂಲ್. ಇದು ನಮ್ಮ ಒಂದು 'ಕಾಯಿ'. ಹನ್ನೆರಡು ಬೋರಿನ ಎಸ್.ಜಿ. ತೋಟೆಯಲ್ಲಿ ಸುಮಾರು 9 ದೊಡ್ಡ ಚರೆಗಳು, ಒಂದೊಂದರ ತೂಕ ಮೂರೂವರೆ ಗ್ರಾಂ. ಸೆಕೆಂಡಿಗೆ 380 ಮೀಟರಿನಂತೆ ಹೊರಟರೆ ಒಂದು ಚರೆಯಲ್ಲಿ 250 ಜೂಲ್, ಅಂದರೆ ಒಂದೂವರೆ ಕಾಯಿಗೆ ಚೂರು ಕಡಿಮೆ. ಉರುಟು ಚರೆಯನ್ನು ಗಾಳಿ ಬಲವಾಗಿ ತಡೆಯುತ್ತದೆ. 35 ಮೀಟರ್ ದಾಟುವಷ್ಟರಲ್ಲಿ ಅದರಲ್ಲಿ ಉಳಿಯುವುದು ಒಂದು ಕಾಯಿಗೂ ಕಡಿಮೆ. ಹಕ್ಕಿಗೆಂದು ಮಾಡಿದ ನಾಲ್ಕನೇ ನಂಬರಿನ ಚರೆ ಅಷ್ಟು ದೂರ ಹೋದಾಗ ಅದರ ಶಕ್ತಿ ಗೇಣೆತ್ತರದಿಂದ ಬಿದ್ದ ಕಾಯಿಯಷ್ಟು. .315 ರೈಫಲ್ಲಿನ ಗುಂಡಿನದ್ದೋ, ಹೊರಡುವಾಗ ಹದಿನೇಳು ಕಾಯಿ!

ಕಾಯಿ ಬಿದ್ದರೆ ಬುರುಡೆ ಒಡೆಯುತ್ತದೆ, ಚರೆ ಬಿದ್ದರೆ ತೂತಾಗುತ್ತದೆ. ಶಕ್ತಿ ಅಷ್ಟೇ ಇದ್ದರೂ ಅದು ಎಷ್ಟು ಜಾಗದ ಮೇಲೆ ಬೀಳುತ್ತದೆ ಎಂಬುದು ಮುಖ್ಯ. ವೇಗದ ಆಟ ಇದಕ್ಕಿಂತ ಚೋದ್ಯ. ವಿಲಾಯತಿಯಲ್ಲಿ ನರಿ ಹೊಡೆಯಲು ಬಳಸುವ .223 ರೈಫಲ್ಲಿನ ಗುಂಡೂ ಮೂರೂವರೆ ಗ್ರಾಮಿನ ಆಸುಪಾಸಿನದ್ದೇ, ನಮ್ಮ ಎಸ್.ಜಿ. ಚರೆಯ ತೂಕ. ವೇಗ ಮಾತ್ರ 980 ಮೀಟರ್. ವೇಗ ಎರಡೂವರೆ ಪಟ್ಟು ಏರಿದ್ದಕ್ಕೆ ಶಕ್ತಿ ಆರೂವರೆ ಪಟ್ಟು ಏರಿತು, ವೇಗದ ವರ್ಗದಂತೆ. ಅದೂ ಅಲ್ಲದೆ ರೈಫಲ್ಲಿನ ನಳಿಗೆಯೊಳಗೆ ಸುರುಳಿ ಗೀರುಗಳಿರುತ್ತವೆ. ಗುಂಡು ಬುಗುರಿಯಂತೆ ತಿರುಗುತ್ತ ಹೊರಡುವುದರಿಂದ ಮೂತಿ ಮುಂದಾಗಿಯೇ ಇರುತ್ತದೆ. ನಯ ನಳಿಗೆಯ ಚರೆಗಳಿಗೆ ಅಂಥ ಶಿಸ್ತಿಲ್ಲ. ನಳಿಗೆಯ ಬಾಯಿ ಬಿಗಿಯಿಲ್ಲದ ಕೋವಿಯಾದರೆ 35 ಮೀಟರ್ ದೂರದಲ್ಲಿ ಅವು ಹೆಚ್ಚುಕಡಿಮೆ ಒಂದು ಮೀಟರ್ ಅಗಲಕ್ಕೆ ಹರಡಿಕೊಂಡಿರುತ್ತವೆ. ಹಂದಿಯ ಎದೆಗೂಡಿನ ಆಯದ ಜಾಗ ಒಂದು ಊಟದ ತಟ್ಟೆಯಷ್ಟು. ಅದಕ್ಕೆ ಒಂದೋ ಎರಡೋ ತಾಗಬಹುದು, ಉಳಿದವು ಹೊಟ್ಟೆಗೋ ತೊಡೆಗೋ ಬಾಳೆ ದಂಡಿಗೋ. ಬಲಿತ ಗಂಡು ಹಂದಿಯ ಹೆಗಲ ಮೇಲೆ ಚರ್ಮದಡಿ ಗಟ್ಟಿ ನಾರಿನ ಗುರಾಣಿ ಬೇರೆ ಇರುತ್ತದೆ, ಗಂಡುಗಳು ಕೋರೆಯಲ್ಲಿ ಕಾದಾಡುವಾಗ ಕಾಪಾಡಲೆಂದು. ಗಾಯಗೊಂಡ ಹಂದಿ ಅಗಳು ಹಾರಿ ಹೋಗುತ್ತದೆ. ಮೂರು ದಿನದ ಮೇಲೆ ನಾತ ಬಂದಾಗ ಅದು ಎಲ್ಲಿ ಬಿತ್ತೆಂದು ಗೊತ್ತಾಗುತ್ತದೆ.

ಹಾಗಾದರೆ ರೈತನಿಗೂ ರೈಫಲ್ ಕೊಡಿ ಎನ್ನೋಣವೆ? ನಾನು ಎನ್ನುವುದಿಲ್ಲ. ಫ್ರೆಂಚ್ ಅಧಿಕಾರಿ ಜೂರ್ನೆ ಎಂಬವನ ಒಂದು ಅಂದಾಜು ಸೂತ್ರವಿದೆ. ಚರೆಯ ಅಡ್ಡಗಲ ಎಷ್ಟು ಮಿಲಿಮೀಟರೋ ಅದನ್ನು 80ರಿಂದ ಗುಣಿಸಿದರೆ ಅದು ಹಾರಬಹುದಾದ ಗರಿಷ್ಠ ದೂರ ಮೀಟರಿನಲ್ಲಿ ಸಿಗುತ್ತದೆ. ನಾಲ್ಕನೇ ನಂಬರಿಗೆ 250 ಮೀಟರ್, ಎಸ್.ಜಿ.ಗೆ 670. ರೈಫಲ್ಲಿನದ್ದು ಕಿಲೋಮೀಟರುಗಟ್ಟಲೆ, ಆಟಿಕೆಯಂತೆ ಕಾಣುವ .22ರ ತೋಟೆ ಡಬ್ಬಿಯ ಮೇಲೆಯೇ ಒಂದೂವರೆ ಕಿಲೋಮೀಟರ್ ಅಪಾಯ ಎಂದು ಅಚ್ಚಾಗಿರುತ್ತದೆ. ಈಗ ನಮ್ಮ ಊರುಗಳನ್ನು ನೆನೆಯಿರಿ. ಬಯಲುಸೀಮೆಯಂತೆ ಮನೆಗಳೆಲ್ಲ ಒಂದೆಡೆ, ಹೊಲವೆಲ್ಲ ಇನ್ನೊಂದೆಡೆ ಎಂಬ ಪದ್ಧತಿ ಇಲ್ಲಿಲ್ಲ. ಬಂಟ್ವಾಳದ ಅಡಿಕೆ ತೋಟವಿರಲಿ, ಮೂಡುಬಿದಿರೆಯ ಬೈಲಿರಲಿ, ಚಾರ್ಮಾಡಿ ಬುಡದ ರಬ್ಬರ್ ಗುಡ್ಡವಿರಲಿ, ತೋಟಕ್ಕೊಂದು ಮನೆ, ಕೂಗಿದರೆ ಓಗೊಡುವಷ್ಟು ದೂರಕ್ಕೆ ಇನ್ನೊಂದು. ಕತ್ತಲಲ್ಲಿ ಹಂದಿಯ ಬೆನ್ನ ಮೇಲಿಂದ ಹಾರಿದ ಗುಂಡು ಮುರಕಲ್ಲಿಗೆ ಬಡಿದು ಯಾರ ಅಂಗಳಕ್ಕೆ ತಿರುಗುತ್ತದೋ! ಹೆದರಿಕೆಯಿಂದ ಬರೆದ ಕಾನೂನು ಈ ಒಂದು ವಿಷಯದಲ್ಲಿ ನಮ್ಮ ನೆಲಕ್ಕೆ ಆಕಸ್ಮಿಕವಾಗಿ ಹೊಂದಿಕೊಂಡಿದೆ. ನಯ ನಳಿಗೆಯೇ ಸರಿ. ಇಪ್ಪತ್ತು ಮೀಟರಿನೊಳಗೆ ಪ್ರಾಣಿ ಸ್ಪಷ್ಟವಾಗಿ ಕಾಣಿಸದಿದ್ದರೆ ಚರೆ ಬಿಡದಿರುವುದೂ ಅಷ್ಟೇ ಸರಿ.

ಇಷ್ಟಕ್ಕೂ ಲೈಸೆನ್ಸು ಕೋವಿಗೆ ಹೊರತು ಬೇಟೆಗಲ್ಲ. ಕಡವೆ, ಜಿಂಕೆ, ನರಿ, ಹಂದಿ ಎಲ್ಲವೂ 1972ರ ವನ್ಯಜೀವಿ ಕಾಯ್ದೆಯ ಪಟ್ಟಿಗಳಲ್ಲಿವೆ. ಬೆಳೆ ಹಾಳುಮಾಡುವ ಹಂದಿಯನ್ನು ಹೊಡೆಯಲೂ 11ನೇ ಕಲಮಿನಡಿ ಅರಣ್ಯಾಧಿಕಾರಿಯ ಅನುಮತಿ ಬೇಕು, ಹೊಡೆದ ಹಂದಿ ಸರ್ಕಾರದ ಸ್ವತ್ತು. ನರಿಯ ವಿಷಯದಲ್ಲಿ ಕಾನೂನೇ ಬೇಕಿರಲಿಲ್ಲ. ನರಿ ಮುಖ ನೋಡಿ ಎದ್ದರೆ ಅದೃಷ್ಟ ಎನ್ನುವ ಜನ ನಾವು. ಗದ್ದೆಯ ಇಲಿ, ಏಡಿ ತಿಂದು ಬದುಕುವ ಅದಕ್ಕೆ ಒಂದೆರಡು ಕೋಳಿ ಹೋದರೂ ಅಜ್ಜ ಕೋವಿ ಎತ್ತಿದ್ದನ್ನು ನಾನು ಕಂಡಿಲ್ಲ.

ಅಜ್ಜ ಕೋವಿಯಿಂದ ನಿಜಕ್ಕೂ ಹಾರಿಸುತ್ತಿದ್ದುದು ಏನೆಂದು ನನಗೆ ತಡವಾಗಿ ತಿಳಿಯಿತು. ಎಷ್ಟೋ ರಾತ್ರಿ ಅದರಲ್ಲಿ ಚರೆಯೇ ಇರುತ್ತಿರಲಿಲ್ಲ. ಮದ್ದಿನ ಮೇಲೆ ತೆಂಗಿನ ನಾರಿನ ಉಂಡೆ ಜಡಿದು ಆಕಾಶಕ್ಕೆ ಒಂದು. ಕಣಿವೆಯಲ್ಲಿ ಆ ಸದ್ದು ಜಾತ್ರೆಯ ಗರ್ನಾಲಿನಂತೆ ಗುಡ್ಡದಿಂದ ಗುಡ್ಡಕ್ಕೆ ಉರುಳುತ್ತಿತ್ತು, ಆಚೆ ಮನೆಯವರೂ ಎದ್ದು ಟಾರ್ಚ್ ಹಾಕುತ್ತಿದ್ದರು. ಹಂದಿಗಳು ಆ ರಾತ್ರಿಯ ಮಟ್ಟಿಗೆ ಹೋಗುತ್ತಿದ್ದವು. ಬರೀ ಸದ್ದಿಗೆ ಅವು ಒಗ್ಗಿಕೊಳ್ಳುತ್ತವೆ, ನಿಜ. ದಿನವೂ ಒಂದೇ ಹೊತ್ತಿಗೆ ಹೊಡೆದರಂತೂ ಬೇಗ. ಆದರೆ ಕತ್ತಲಲ್ಲಿ ಕೇಪಿನ ಕೋವಿ ಚೆನ್ನಾಗಿ ಮಾಡುವ ಕೆಲಸ ಅದೊಂದೇ. ಸದ್ದು ಮಾಡುವ ಯಂತ್ರವೆಂದು ನೋಡಿದರೆ ಅದಕ್ಕೆ ಫಸ್ಟ್ ಕ್ಲಾಸ್ ಕೊಡಬಹುದು, ಹಂದಿ ಕೊಲ್ಲುವ ಯಂತ್ರವೆಂದು ನೋಡಿದರೆ ಪಾಸ್ ಮಾರ್ಕೂ ಕಷ್ಟ.

ಚುನಾವಣೆ ಘೋಷಣೆಯಾದಾಗ ಈ ಕೋವಿಗಳನ್ನು ಠೇವಣಿ ಇಡಬೇಕಾಗುತ್ತದೆ, ಹಂದಿಗೆ ನೀತಿ ಸಂಹಿತೆ ಇಲ್ಲವಲ್ಲ ಎಂದು ರೈತರು ಪ್ರತಿ ಸಲವೂ ಕೇಳುತ್ತಾರೆ. ಅದು ಬೇರೆಯೇ ಲೇಖನ. ನಿಮ್ಮ ಮನೆಯಲ್ಲಿ ಲೈಸೆನ್ಸಿನ ಕೋವಿ ಇದ್ದರೆ ಒಂದು ಮಾತು: ಅದು ಠೇವಣಿಯಿಂದ ಮರಳಿದ್ದಿರಲಿ, ಅಟ್ಟದಿಂದ ಇಳಿಸಿದ್ದಿರಲಿ, ತಿಂಗಳುಗಟ್ಟಲೆ ಸುಮ್ಮನೆ ನಿಂತ ನಳಿಗೆಯೊಳಗೆ ಕಣಜ ಮಣ್ಣಿನ ಗೂಡು ಕಟ್ಟಿರಬಹುದು. ನಳಿಗೆಯಲ್ಲಿ ಅಡ್ಡಿಯಿದ್ದರೆ ಹೊರಗೆ ಹೋಗಬೇಕಾದ ಒತ್ತಡ ನಿಮ್ಮ ಕೈಯ ಹತ್ತಿರವೇ ಕಬ್ಬಿಣವನ್ನು ಸೀಳುತ್ತದೆ. ತೋಟೆ ಕೋವಿಯನ್ನು ಮಡಚಿ ಬೆಳಕಿಗೆ ಹಿಡಿದು ನೋಡಿ. ಕೇಪಿನ ಕೋವಿಯಾದರೆ ಒಳಗೆ ಹಳೆಯ ಈಡು ಉಳಿದಿಲ್ಲವೆಂದು ಗಜದ ಕಡ್ಡಿ ಇಳಿಸಿ ಅಳೆದುಕೊಳ್ಳಿ. ಅಳೆಯುವಾಗ ಮೋರೆಯನ್ನು ನಳಿಗೆಯ ಬಾಯಿಯಿಂದ ದೂರ ಇಟ್ಟುಕೊಳ್ಳಿ.